ಹಳೆಯ ರಿವಾಲ್ವರಿನ ಬಿಡಿಭಾಗವೂ ಬಂದೂಕೇ

ತಂದೆಯಿಂದ ವಿಧಿಬದ್ಧವಾಗಿ ಬಂದ, ಪರವಾನಿಗೆಯಲ್ಲಿ ಕ್ರಮಸಂಖ್ಯೆಯೊಡನೆ ನಮೂದಾದ, ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯ ಹಳೆಯ ರಿವಾಲ್ವರನ್ನು ಜೋಪಾನವಾಗಿ ಇರಿಸಿಕೊಂಡಿದ್ದ ಸಜ್ಜನರು, ಮುರಿದ ಒಂದು ಸ್ಪ್ರಿಂಗಿನ ದೆಸೆಯಿಂದ ಆಪಾದಿತರಾಗಿ ಕಟಕಟೆಯಲ್ಲಿ ನಿಲ್ಲುವುದನ್ನು ನನ್ನ ವೃತ್ತಿಯಲ್ಲಿ ಕಂಡಿದ್ದೇನೆ. ಅವರು ಕೇಡಿಗರಲ್ಲ; ಕಚೇರಿಯ ಮೆಟ್ಟಿಲನ್ನು ಹತ್ತಲು ಅಂಜಿ, ಅಸಲು ಭಾಗವನ್ನು ತರಿಸಿಕೊಡುವೆನೆಂದ ಮಧ್ಯವರ್ತಿಯನ್ನು ನಂಬಿದವರು, ಅಷ್ಟೆ.

ಎಲ್ಲರೂ ಎಡವುವ ಸ್ಥಳ ಒಂದೇ. 1959ರ ಶಸ್ತ್ರಾಸ್ತ್ರ ಅಧಿನಿಯಮದ 2ನೆಯ ಪ್ರಕರಣವು ಬಂದೂಕು ಎಂಬುದನ್ನು ವಿವರಿಸುವಾಗ ಅದರ ಬಿಡಿಭಾಗಗಳನ್ನೂ ಅದರೊಳಗೆ ಸೇರಿಸಿದೆ. ಕ್ಷುಲ್ಲಕ ಭಾಗಗಳಿಗೆ 45ನೆಯ ಪ್ರಕರಣದಲ್ಲಿ ವಿನಾಯಿತಿಯುಂಟೆಂದು ಮಧ್ಯವರ್ತಿಗಳು ಹೇಳುತ್ತಾರೆ. ಉಂಟು, ಆದರೆ ಅದು ಪೂರಕವಾದ ಇತರ ಭಾಗಗಳೊಡನೆ ಬಳಸುವ ಉದ್ದೇಶವಿಲ್ಲದ ಭಾಗಗಳಿಗೆ ಮಾತ್ರ. ನೀವು ಹ್ಯಾಮರನ್ನೋ ಸಿಲಿಂಡರನ್ನೋ ಹುಡುಕುವುದು ನಿಮ್ಮ ರಿವಾಲ್ವರಿಗೆ ಜೋಡಿಸುವುದಕ್ಕಾಗಿಯೇ ಆದುದರಿಂದ, ನಿಮ್ಮ ಉದ್ದೇಶವೇ ಆ ವಿನಾಯಿತಿಯನ್ನು ನಿಮ್ಮಿಂದ ಕಸಿದುಕೊಳ್ಳುತ್ತದೆ. ಕೆಟ್ಟುಹೋದ ಪುರಾತನ ಆಯುಧಕ್ಕೆ ಪರವಾನಿಗೆ ಬೇಡವೆಂಬ ಮಾತೂ ಅರ್ಧಸತ್ಯ: ದುರಸ್ತಿ ಮಾಡಿದರೂ ಹಾರದಂಥ ಆಯುಧಕ್ಕೆ ಮಾತ್ರ ಆ ರಿಯಾಯಿತಿ ಸಲ್ಲುತ್ತದೆ. ಹೊಸ ಸ್ಪ್ರಿಂಗಿನಿಂದ ಸರಿಹೋಗುವ ರಿವಾಲ್ವರಿಗೆ, ಅದು ಮೂಲೆಯಲ್ಲಿ ಕೆಟ್ಟು ಬಿದ್ದಿದ್ದರೂ, ನವೀಕರಣ ತಪ್ಪುವುದಿಲ್ಲ. ಪರವಾನಿಗೆಯಿಲ್ಲದ ಸ್ವಾಧೀನಕ್ಕೆ 2019ರ ತಿದ್ದುಪಡಿಯ ತರುವಾಯ ಎರಡರಿಂದ ಐದು ವರ್ಷಗಳ ಕಾರಾವಾಸ ಮತ್ತು ದಂಡ.

ಆದುದರಿಂದ ಭಾಗವನ್ನು ನೀವಾಗಿ ಕೊಳ್ಳಬೇಡಿರಿ. ದುರಸ್ತಿಯ ಪರವಾನಿಗೆಯುಳ್ಳ ಆಯುಧ ವ್ಯಾಪಾರಿಯಲ್ಲಿಗೆ ರಿವಾಲ್ವರನ್ನೇ ಒಯ್ಯಿರಿ, ಭಾಗವನ್ನು ಅವನೇ ಒದಗಿಸಿ ಅವನೇ ಜೋಡಿಸಲಿ. ಮಾರಾಟದ ಪರವಾನಿಗೆ ಇದ್ದವನಿಗೆಲ್ಲ ದುರಸ್ತಿಯ ಪರವಾನಿಗೆ ಇರುವುದೆಂದು ಭಾವಿಸದೆ ಅವನ ಪತ್ರವನ್ನು ಕಣ್ಣಾರೆ ನೋಡಿರಿ, ಏಕೆಂದರೆ ಅನಧಿಕೃತ ದುರಸ್ತಿಗೆ ಶಿಕ್ಷೆ ಏಳು ವರ್ಷಗಳಿಂದ ಆಜೀವ ಕಾರಾವಾಸದವರೆಗೆ. ವಯಸ್ಸಾದವರು ಮಗನ ಕೈಯಲ್ಲಿ ಆಯುಧವನ್ನು ಕಳುಹಿಸಬಹುದು. ಆದರೆ 3ನೆಯ ಪ್ರಕರಣವು ಬಯಸುವಂತೆ, ದುರಸ್ತಿಗಾಗಿ ಒಯ್ಯಲು ತಾವಿತ್ತ ಲಿಖಿತ ಅಧಿಕಾರಪತ್ರ ಅವನ ಜೇಬಿನಲ್ಲಿರತಕ್ಕದ್ದು. ರಸೀತಿಯಲ್ಲಿ ಆಯುಧದ ಕ್ರಮಸಂಖ್ಯೆ, ತೆಗೆದ ಭಾಗ, ಹಾಕಿದ ಭಾಗ ಇವೆಲ್ಲ ಬರಲಿ. ಹೊಂದಿಸುವ ನೆಪದಲ್ಲಿ ಯಾವುದೇ ಅಂಕೆಯನ್ನು ಉಜ್ಜಲು ಬಿಡಬೇಡಿರಿ; ಗುರುತಿನ ಚಿಹ್ನೆಯನ್ನು ಅಳಿಸುವುದೂ ತಿದ್ದುವುದೂ 8ನೆಯ ಪ್ರಕರಣದಂತೆ ಸ್ವತಂತ್ರ ಅಪರಾಧ.

ಭಾಗಗಳಿಗಾಗಿ ಮತ್ತೊಂದು ಹಳೆಯ ರಿವಾಲ್ವರನ್ನೇ ಕೊಳ್ಳುವುದು ಇನ್ನೊಂದು ಉಪಾಯ. ಅದು ಅಸಾಧ್ಯವಲ್ಲ, ಆದರೆ ಅದಕ್ಕೂ ಪರವಾನಿಗೆ ಬೇಕು, ಒಬ್ಬನಿಗೆ ಈಗ ಎರಡೇ ಬಂದೂಕುಗಳ ಮಿತಿ, ಮಾರುವ ಖಾಸಗಿ ವ್ಯಕ್ತಿ ಜಿಲ್ಲಾ ದಂಡಾಧಿಕಾರಿಗಾಗಲಿ ಪೊಲೀಸ್ ಠಾಣೆಗಾಗಲಿ ಲಿಖಿತ ಸೂಚನೆಯಿತ್ತು 45 ದಿನ ಕಾಯಬೇಕು. ವಿದೇಶದಿಂದ ಅಂಚೆಯಲ್ಲಿ ತರಿಸುವ ಮಾತಂತೂ ಬೇಡವೇ ಬೇಡ. 10ನೆಯ ಪ್ರಕರಣವು ಪರವಾನಿಗೆಯಿಲ್ಲದ ಆಮದನ್ನು ನಿಷೇಧಿಸಿದೆ. ಕಾನ್ಪುರದ ಕಾರ್ಖಾನೆಯ .32 ರಿವಾಲ್ವರು ವೆಬ್ಲಿಯ .38 ನಮೂನೆಯನ್ನೇ ಅನುಸರಿಸಿದುದೆಂಬ ನಿಜವನ್ನು ಹಿಡಿದು ಅದರ ಸಿಲಿಂಡರನ್ನು ಅಸಲು ವೆಬ್ಲಿಯದೆಂದು ಮಾರುವವರಿದ್ದಾರೆ. ರಂಧ್ರದ ಅಳತೆಯೇ ಬೇರೆಯಾದ ಭಾಗಕ್ಕೆ ದುಡ್ಡು ತೆತ್ತವನು ಹಣವನ್ನೂ ಕಳೆದುಕೊಂಡು ಅಪರಾಧವನ್ನೂ ಹೊತ್ತುಕೊಳ್ಳುತ್ತಾನೆ.

ಸಂದೇಹವಿದ್ದರೆ ಪರವಾನಿಗೆ ಪ್ರಾಧಿಕಾರಕ್ಕೆ, ಎಂದರೆ ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗೆ, ಬೆಂಗಳೂರಿನಂಥ ನಗರಗಳಲ್ಲಿ ಪೊಲೀಸ್ ಆಯುಕ್ತರಿಗೆ, ಬರೆದು ಕೇಳಿರಿ. ಸ್ವೀಕೃತಿಯ ಮೊಹರಿಲ್ಲದೆ ಕಚೇರಿಯಿಂದ ಹೊರಬೀಳಬೇಡಿರಿ. “ಅದಕ್ಕೆಲ್ಲ ಅರ್ಜಿ ಯಾಕ್ರೀ?” ಎಂದು ಗದರಿ ಕಳುಹಿಸುವ ಗುಮಾಸ್ತನೇ ಮುಂದೆ ಮಹಜರಿನ ದಿನ ಅರ್ಜಿಯೆಲ್ಲಿ ಎಂದು ಕೇಳುವವರ ಪಕ್ಕದಲ್ಲಿ ನಿಂತಿರುತ್ತಾನೆ, ಈ ನಿರ್ಲಜ್ಜತನಕ್ಕೆ ಪ್ರತಿಕ್ರಿಯೆ ಕಾಗದವೊಂದೇ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಅಧಿನಿಯಮದ ಮೇರೆಗೆ ನಿಮ್ಮ ಅರ್ಜಿಯ ಗತಿಯನ್ನು ಕೇಳಿರಿ. 30 ದಿನಗಳಲ್ಲಿ ತಿಳಿಸಲು ಅವರು ಬದ್ಧರು. ಆ ಉತ್ತರ ಕೈಗೆ ಬರುವವರೆಗೆ ಯಾರಿಗೂ ಮುಂಗಡ ಕೊಡಬೇಡಿರಿ, ಬಿಡಿಭಾಗವನ್ನು ಮನೆಯೊಳಗೆ ತರಬೇಡಿರಿ.