ಪ್ರವಾಸಿ ಮನೆಗಳಲ್ಲಿ ಟವೆಲ್ ಮತ್ತು ಬಟ್ಟೆ ಒಗೆತ: ಒಂದು ವೆಚ್ಚ ಅಧ್ಯಯನ

ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರ ತಾಲೂಕುಗಳಿಗೆ ಪ್ರವಾಸಿಗರು ಬರುವುದು ಹೊಸ ಸಂಗತಿಯೇನಲ್ಲ. ಬನವಾಸಿ, ಸೋಂದಾ, ಸಹಸ್ರಲಿಂಗ, ಉಂಚಳ್ಳಿ, ಮಾಗೋಡು, ಸಾತೊಡ್ಡಿಗಳನ್ನು ನೋಡಲು ಜನ ಬರುತ್ತಲೇ ಇದ್ದಾರೆ. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯ ಸಮಯದಲ್ಲಂತೂ ಶಿರಸಿಯಲ್ಲಿ ಕೊಠಡಿ ದೊರೆಯುವುದೇ ದುಸ್ತರ. ಹೊಸ ಸಂಗತಿಯೆಂದರೆ, ಮಕ್ಕಳು ಊರು ಬಿಟ್ಟ ಮೇಲೆ ಖಾಲಿ ಉಳಿದ ಮನೆಯನ್ನೋ, ತೋಟದ ಪಕ್ಕದ ಬಿಡಾರವನ್ನೋ ಅಡುಗೆಮನೆ ಸಮೇತ ಪ್ರವಾಸಿಗರಿಗೆ ಕೊಡುವ ಕ್ರಮ. ಅತಿಥಿಗಳು ತಮ್ಮ ಅಡುಗೆಯನ್ನು ತಾವೇ ಮಾಡಿಕೊಳ್ಳುತ್ತಾರೆ. ಮನೆಯೊಡೆಯರು ಬೀಗದ ಕೈ ಕೊಡುತ್ತಾರೆ. ಊಟೋಪಚಾರದ ಜವಾಬ್ದಾರಿಯಿಲ್ಲದ ಈ ವ್ಯವಹಾರ ಸುಲಭವೆಂದು ನಮ್ಮ ಸದಸ್ಯ ವರ್ತಕರಲ್ಲಿ ಕೆಲವರು ಇದಕ್ಕೆ ಕೈ ಹಾಕುತ್ತಿದ್ದಾರೆ. ಸುಲಭವೆಂದು ತೋರುವ ಈ ವ್ಯವಹಾರದ ಲಾಭ ಎಲ್ಲಿ ಸೋರುತ್ತದೆ ಎಂಬುದನ್ನು ಒಂದು ಸಣ್ಣ ವಸ್ತುವಿನ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಆ ವಸ್ತು ಮೈ ಒರೆಸುವ ಟವೆಲ್.

1. ಒಂದು ಪ್ರಕರಣ

ಶಿರಸಿ-ಹುಬ್ಬಳ್ಳಿ ಮಾರ್ಗದ ಎಕ್ಕಂಬಿಯ ಸಮೀಪ ಎರಡು ಕೊಠಡಿ ಹಾಗೂ ಅಡುಗೆಮನೆಯುಳ್ಳ ಮನೆಯೊಂದನ್ನು ದಿನಕ್ಕೆ ರೂ. 3,000ದಂತೆ ಕೊಡುವ ದಂಪತಿ ನನ್ನ ಕಕ್ಷಿದಾರರು. ಒಂದು ಮಳೆಗಾಲದಲ್ಲಿ ನಾಲ್ವರ ಕುಟುಂಬವೊಂದು ನೆನೆದ ಮೈಯಲ್ಲಿ ಬಂದಿಳಿದು ಟವೆಲ್ ಕೇಳಿತು. ಜಾಹೀರಾತಿನಲ್ಲಿ "ಅಡುಗೆಮನೆ ಸಹಿತ ಎಲ್ಲ ಸೌಲಭ್ಯಗಳುಳ್ಳ ಮನೆ" ಎಂದಿತ್ತು. ಅತಿಥಿಗಳ ಪ್ರಕಾರ ಟವೆಲ್ ಆ ಸೌಲಭ್ಯಗಳಲ್ಲಿ ಸೇರಿತ್ತು. ಮನೆಯೊಡೆಯರ ಪ್ರಕಾರ ಸೇರಿರಲಿಲ್ಲ. ಆದರೂ ಬಾಗಿಲಿಗೆ ಬಂದವರಿಗೆ ಇಲ್ಲವೆನ್ನಲಾಗದೆ ಮನೆಯ ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಟವೆಲ್‌ಗಳನ್ನೇ ಕೊಟ್ಟರು. ಮರುದಿನ ಅವುಗಳಲ್ಲಿ ಒಂದು ಕೆಸರಿನ ಚಪ್ಪಲಿ ಒರೆಸಿದ ಸ್ಥಿತಿಯಲ್ಲಿಯೂ, ಇನ್ನೊಂದು ಬಿಸಿ ಪಾತ್ರೆ ಇಳಿಸಿ ಮಸಿಯಾದ ಸ್ಥಿತಿಯಲ್ಲಿಯೂ ದೊರೆತವು. ದುಡ್ಡು ಕೇಳಿದ್ದಕ್ಕೆ ಮಾತು ಬೆಳೆಯಿತು. ಅತಿಥಿಗಳು ಕೆಟ್ಟ ಅಭಿಪ್ರಾಯ ಬರೆದು ಹೋದರು.

ಮುಂದಿನ ವಾರ ಅವರು ಲೆಕ್ಕದ ಪುಸ್ತಕದೊಡನೆ ನನ್ನಲ್ಲಿಗೆ ಬಂದು, "ಟವೆಲ್‌ಗೆ ಬೇರೆ ದುಡ್ಡು ತೆಗೆದುಕೊಳ್ಳಬಹುದಾ ಸರ್?" ಎಂದು ಕೇಳಿದರು. ಪುಸ್ತಕದಲ್ಲಿ ಒಗೆತದ ಬಾಬ್ತಿಗೆ ಸಾಬೂನಿನ ಪುಡಿಯ ಹೊರತು ಯಾವ ಖರ್ಚೂ ಇರಲಿಲ್ಲ. ಬಟ್ಟೆಗಳನ್ನು ಒಗೆಯುವವರಾರು ಎಂದು ಕೇಳಿದೆ. "ಮನೆಯವಳೇ ತೊಳೀತಾಳೆ ಸರ್, ಅದಕ್ಕೆಂಥ ಖರ್ಚು?" ಎಂದರು. ಪಕ್ಕದಲ್ಲಿ ಕುಳಿತಿದ್ದ ಅವರ ಪತ್ನಿ ಏನೂ ಹೇಳಲಿಲ್ಲ. ಈ ಅಧ್ಯಯನ ಆರಂಭವಾದದ್ದು ಆ ಉತ್ತರದಿಂದ.

2. ಅತಿಥಿಯ ನಿರೀಕ್ಷೆ ಎಲ್ಲಿಂದ ಬರುತ್ತದೆ?

ಹೋಟೆಲಿನಲ್ಲಿ ಟವೆಲ್ ಇದ್ದೇ ಇರುತ್ತದೆ. ನೆಂಟರ ಮನೆಗೆ ಹೋಗುವವರು ತಮ್ಮದನ್ನು ಒಯ್ಯುವುದು ರೂಢಿ. ಬಾಡಿಗೆಯ ಪ್ರವಾಸಿ ಮನೆ ಇವೆರಡರ ನಡುವಿನದು. ಬ್ರಿಟನ್ನಿನ ಇಂತಹ ಮನೆಗಳಲ್ಲಿ ಹಾಸಿಗೆ ಬಟ್ಟೆ ಕೊಟ್ಟು, ಟವೆಲ್ ಮಾತ್ರ ತರಲು ಹೇಳುವ ಪದ್ಧತಿ ಅನೇಕ ಕಡೆ ಇದೆ; ಆದರೆ ಅದನ್ನು ಮೊದಲೇ ಬರೆದು ತಿಳಿಸುತ್ತಾರೆ. ಏರ್‌ಬಿಎನ್‌ಬಿಯಂತಹ ಅಂತರ್ಜಾಲ ಸಂಸ್ಥೆಯು ಹಾಸಿಗೆ ಬಟ್ಟೆ, ಸಾಬೂನು ಹಾಗೂ ತಲಾ ಒಂದು ಟವೆಲ್ಲನ್ನು ಅವಶ್ಯಕ ವಸ್ತುಗಳೆಂದು ಪರಿಗಣಿಸುತ್ತದೆ. ಅಲ್ಲಿ ಮನೆಯನ್ನು ನಮೂದಿಸಿದವರು "ನಮ್ಮಲ್ಲಿ ಆ ಪದ್ಧತಿಯಿಲ್ಲ" ಎಂದು ಬಾಗಿಲಲ್ಲಿ ಹೇಳುವಂತಿಲ್ಲ.

ಅತಿಥಿಗೆ ಲೆಕ್ಕ ಹೇಳುವುದು ನಮ್ಮ ಸೀಮೆಯ ಸಂಪ್ರದಾಯವಲ್ಲ. ಕೈಕಾಲು ತೊಳೆಯಲು ನೀರು, ಒರೆಸಲು ಬಟ್ಟೆ, ಬಾಯಾರಿಕೆಗೆ ಬೆಲ್ಲ-ನೀರು ಕೊಟ್ಟ ಮೇಲೆಯೇ ಮಾತು. ಈ ಸಂಕೋಚದಿಂದಲೇ ಅನೇಕರು ಏನನ್ನೂ ಬರೆದು ತಿಳಿಸುವುದಿಲ್ಲ. ಆದರೆ ಮೊದಲು ಹೇಳದೆ ಉಳಿದ ಮಾತು ಕೊನೆಗೆ ಜಗಳವಾಗಿ ಬರುತ್ತದೆ. ಮುಂಚಿತವಾಗಿ ಬರೆದ ನಾಲ್ಕು ಸಾಲುಗಳು ಆತಿಥ್ಯಕ್ಕೆ ಕುಂದಲ್ಲ, ಅದರ ರಕ್ಷಣೆ.

3. ವೆಚ್ಚದ ಪಟ್ಟಿ

ಮೇಲಿನ ಮನೆಯನ್ನೇ ಉದಾಹರಣೆಯಾಗಿಟ್ಟುಕೊಳ್ಳೋಣ. ದರಗಳು ಉದಾಹರಣೆಗಾಗಿ, ಓದುಗರು ತಮ್ಮ ಅಂಕಿಗಳನ್ನು ತುಂಬಿಕೊಳ್ಳಬೇಕು.

ಒಂದು ಕೊಠಡಿಗೆ ಬೇಕಾದ ಒಂದು ಜೊತೆ:
ಮೈ ಒರೆಸುವ ಟವೆಲ್ 2 (ತಲಾ ರೂ. 350): ರೂ. 700
ಕೈ ಒರೆಸುವ ಟವೆಲ್ 2 (ತಲಾ ರೂ. 100): ರೂ. 200
ಹಾಸುವ ಚಾದರ ಮತ್ತು 2 ದಿಂಬಿನ ಚೀಲ: ರೂ. 900
ಬಚ್ಚಲಿನ ಕಾಲೊರಸು: ರೂ. 200
ಒಟ್ಟು: ರೂ. 2,000

ಒಂದು ಜೊತೆ ಬಳಕೆಯಲ್ಲಿ, ಒಂದು ಒಗೆತದಲ್ಲಿ, ಒಂದು ಕಪಾಟಿನಲ್ಲಿ ಇರಬೇಕಾದುದರಿಂದ ಕೊಠಡಿಗೆ ಮೂರು ಜೊತೆ ಅವಶ್ಯ. ಬಟ್ಟೆ ಒಣಗದ ಮಳೆಗಾಲಕ್ಕೆ ನಾಲ್ಕನೆಯದೂ ಬೇಕು. ಎರಡು ಕೊಠಡಿಗಳಿಗೆ ರೂ. 16,000 ಬಂಡವಾಳ. ಒಂದು ಜೊತೆ 80 ಒಗೆತ ಬಾಳುತ್ತದೆಂದು ಹಿಡಿದರೆ ಪ್ರತಿ ಒಗೆತಕ್ಕೆ ಸವೆತ ರೂ. 25, ಎರಡು ಕೊಠಡಿಗೆ ರೂ. 50.

ಅತಿಥಿಗಳು ಒಮ್ಮೆ ಬಂದು ಹೋದರೆ ಎರಡು ಕೊಠಡಿಗಳ ಬಟ್ಟೆಯ ವೆಚ್ಚ:
ಸವೆತ: ರೂ. 50
ಸಾಬೂನಿನ ಪುಡಿ ಇತ್ಯಾದಿ: ರೂ. 20
ವಿದ್ಯುತ್, ನೀರು: ರೂ. 15
ಇಸ್ತ್ರಿ: ರೂ. 35
ದುಡಿಮೆ, ಎರಡೂವರೆ ತಾಸು (ತಾಸಿಗೆ ರೂ. 60): ರೂ. 150
ಒಟ್ಟು: ರೂ. 270

ಗಮನಿಸಬೇಕಾದ ಮೊದಲ ಅಂಶವೆಂದರೆ, ಈ ವೆಚ್ಚ ರಾತ್ರಿಗಳ ಸಂಖ್ಯೆಯನ್ನು ಅನುಸರಿಸುವುದಿಲ್ಲ. ಬಂದುಹೋದವರ ಸಂಖ್ಯೆಯನ್ನು ಅನುಸರಿಸುತ್ತದೆ. ತಿಂಗಳಿಗೆ 12 ರಾತ್ರಿ ಮನೆ ತುಂಬಿತೆಂದು ತಿಳಿಯೋಣ. ಬಾಡಿಗೆ ರೂ. 36,000. ಮೂರು ಮೂರು ರಾತ್ರಿ ತಂಗುವ ನಾಲ್ಕು ಕುಟುಂಬಗಳು ಬಂದರೆ ಬಟ್ಟೆಯ ವೆಚ್ಚ ರೂ. 1,080, ಅಂದರೆ ಬಾಡಿಗೆಯ ಶೇಕಡ 3. ಒಂದೊಂದೇ ರಾತ್ರಿ ತಂಗುವ 12 ಕುಟುಂಬಗಳು ಬಂದರೆ ರೂ. 3,240, ಅಂದರೆ ಶೇಕಡ 9. ಬಾಡಿಗೆ ಒಂದೇ, ಉಳಿತಾಯದಲ್ಲಿ ರೂ. 2,160 ವ್ಯತ್ಯಾಸ.

ಎರಡನೆಯ ಅಂಶ ಇನ್ನೂ ಮುಖ್ಯವಾದುದು. ಆ ರೂ. 3,240ರಲ್ಲಿ ರೂ. 1,800 ದುಡಿಮೆಯ ಬಾಬ್ತು. ಅದು ತಿಂಗಳಿಗೆ 30 ತಾಸಿನ ಕೆಲಸ. ನನ್ನ ಕಕ್ಷಿದಾರರ ಪುಸ್ತಕದಲ್ಲಿ ಈ ಮೊತ್ತ ಲಾಭವೆಂದು ಕಾಣುತ್ತಿತ್ತು. ಅದು ಲಾಭವಲ್ಲ, ಮನೆಯಾಕೆಗೆ ಸಲ್ಲದೆ ಉಳಿದ ಕೂಲಿ. ನಾಳೆ ಅವರಿಗೆ ಬೆನ್ನುನೋವು ಬಂದು ಹೊರಗಿನವರನ್ನು ನೇಮಿಸಿದ ದಿನ ಆ ಲಾಭ ಮಾಯವಾಗುತ್ತದೆ. ಅಂಗಡಿಯ ನೌಕರನ ಸಂಬಳವನ್ನು ಬಿಟ್ಟು ಲಾಭ ತೋರಿಸುವ ವರ್ತಕರನ್ನು ನಾವು ನಂಬುವುದಿಲ್ಲ. ಮನೆಯ ಲೆಕ್ಕಕ್ಕೆ ಬೇರೆ ನಿಯಮವಿರಲು ಕಾರಣವಿಲ್ಲ.

4. ದರದಲ್ಲಿ ಸೇರಿಸುವ ಕ್ರಮ

ಟವೆಲ್ಲೊಂದಕ್ಕೆ ಇಷ್ಟೆಂದು ಬೇರೆ ಬಿಲ್ಲು ಮಾಡಲು ಕಾನೂನಿನ ಅಡ್ಡಿಯಿಲ್ಲ. ಆದರೆ ರೂ. 3,000 ಕೊಟ್ಟವರಿಗೆ ರೂ. 50ರ ಬಿಲ್ಲು ಕಿರಿಕಿರಿಯೇ. ಅದಕ್ಕಿಂತ ದರದ ರಚನೆಯನ್ನೇ ಬದಲಿಸುವುದು ಮೇಲು. ಮೊದಲ ರಾತ್ರಿಗೆ ರೂ. 3,200, ನಂತರದ ಪ್ರತಿ ರಾತ್ರಿಗೆ ರೂ. 2,900 ಎಂದಿಟ್ಟರೆ ಮೂರು ರಾತ್ರಿ ತಂಗುವವರಿಗೆ ಹಿಂದಿನಂತೆಯೇ ರೂ. 9,000 ಆಗುತ್ತದೆ. ಒಂದೇ ರಾತ್ರಿಯವರು ತಾವು ಉಂಟುಮಾಡುವ ಹೆಚ್ಚುವರಿ ವೆಚ್ಚವನ್ನು ತಾವೇ ಭರಿಸುತ್ತಾರೆ. ಹೆಚ್ಚು ದಿನ ತಂಗುವಂತೆ ಪ್ರೋತ್ಸಾಹವೂ ದೊರೆಯುತ್ತದೆ.

ಪ್ರತಿದಿನವೂ ಹೊಸ ಟವೆಲ್ ಬಯಸುವವರ ವಿಚಾರದಲ್ಲಿ ಹೋಟೆಲುಗಳ ಅನುಭವ ಉಪಯುಕ್ತ. ಅಮೆರಿಕದ ಹೋಟೆಲೊಂದರಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪರಿಸರ ಉಳಿಸಿರೆಂಬ ಸಾಮಾನ್ಯ ವಿನಂತಿಯ ಫಲಕವಿದ್ದ ಕೊಠಡಿಗಳಲ್ಲಿ ಸುಮಾರು ಶೇಕಡ 35 ಮಂದಿ ಟವೆಲ್ಲನ್ನು ಮರುಬಳಸಿದರು. "ಹೆಚ್ಚಿನ ಅತಿಥಿಗಳು ಮರುಬಳಸುತ್ತಾರೆ" ಎಂದು ತಿಳಿಸಿದಲ್ಲಿ ಅದು ಸುಮಾರು ಶೇಕಡ 44ಕ್ಕೇರಿತು. ಖರ್ಚಿಲ್ಲದ ಒಂದು ವಾಕ್ಯದ ಫಲವಿದು.

5. ಜಾಹೀರಾತಿನಲ್ಲಿ ಬರೆಯಬೇಕಾದದ್ದು

ಕೆಳಗಿನ ಮಾದರಿಯನ್ನು ಅಗತ್ಯಕ್ಕೆ ತಕ್ಕಂತೆ ಬದಲಿಸಿಕೊಳ್ಳಬಹುದು:

"ಪ್ರತಿಯೊಬ್ಬರಿಗೆ ಒಂದು ಮೈ ಒರೆಸುವ ಹಾಗೂ ಒಂದು ಕೈ ಒರೆಸುವ ಟವೆಲ್ ಕೊಡಲಾಗುವುದು. ನಾಲ್ಕನೆಯ ದಿನ ಬದಲಿಸಲಾಗುವುದು. ನಡುವೆ ಬೇಕಾದಲ್ಲಿ ಜೊತೆಯೊಂದಕ್ಕೆ ರೂ. 60. ಹೊಳೆ, ಜಲಪಾತಗಳಿಗೆ ಒಯ್ಯಲು ಗಾಢ ಬಣ್ಣದ ಟವೆಲ್ ಬೇರೆ ಇಡಲಾಗಿದೆ. ಅಡುಗೆಮನೆಯಲ್ಲಿ ಎರಡು ಮಸಿಬಟ್ಟೆಗಳಿವೆ. ನಮ್ಮ ಹೆಚ್ಚಿನ ಅತಿಥಿಗಳು ಟವೆಲ್ಲನ್ನು ಒಣಗಿಸಿ ಮತ್ತೆ ಬಳಸುತ್ತಾರೆ. ಬದಲಿಸಬೇಕಾದುದನ್ನು ಬುಟ್ಟಿಯಲ್ಲಿ ಹಾಕಿರಿ. ಅತಿಥಿಗಳ ಸ್ವಂತ ಬಟ್ಟೆ ಒಗೆದುಕೊಡುವ ವ್ಯವಸ್ಥೆಯಿಲ್ಲ, ಒಣಗಿಸಲು ತಂತಿಯಿದೆ."

ಕೊನೆಯ ವಾಕ್ಯ ಮರೆಯಬಾರದು. ಅಡುಗೆಮನೆಯಿರುವ ಮನೆಯಲ್ಲಿ ತಮ್ಮ ಬಟ್ಟೆಯನ್ನೂ ಒಗೆದುಕೊಳ್ಳಬಹುದೆಂಬ ನಿರೀಕ್ಷೆ ಸಹಜ. "ಹೆಚ್ಚಿನ ಅತಿಥಿಗಳು" ಎಂಬ ಮಾತನ್ನು ಅದು ನಿಜವಾಗಿದ್ದರೆ ಮಾತ್ರ ಬರೆಯತಕ್ಕದ್ದು.

6. ಖರೀದಿ ಮತ್ತು ಒಗೆತ

ಟವೆಲ್ಲಿನ ದಪ್ಪವನ್ನು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಅಳೆಯುತ್ತಾರೆ. 75 x 150 ಸೆಂ.ಮೀ. ಅಳತೆಯ, 450 ಗ್ರಾಂ ದರ್ಜೆಯ ಟವೆಲ್ ಸುಮಾರು ಅರ್ಧ ಕಿಲೋ ತೂಗುತ್ತದೆ. 600 ಗ್ರಾಂ ದರ್ಜೆಯದು ಕೈಗೆ ಹಿತವೆನಿಸಿದರೂ ನಮ್ಮ ಮಳೆಗಾಲದಲ್ಲಿ ಒಣಗುವುದಿಲ್ಲ. ಒಣಗದ ಟವೆಲ್ಲಿಗೆ ಮುಗ್ಗು ವಾಸನೆ ತಪ್ಪದು. ಸೊಲ್ಲಾಪುರದ ಟೆರ್ರಿ ಟವೆಲ್ಲುಗಳು ಪ್ರಸಿದ್ಧ. ನಮ್ಮ ಬಟ್ಟೆ ವರ್ತಕರು ಒಂದೇ ಅಳತೆ, ಒಂದೇ ಬಣ್ಣದಲ್ಲಿ ಡಜನ್ ಲೆಕ್ಕದಲ್ಲಿ ತರಿಸಿಕೊಟ್ಟರೆ ಕಳೆದುಹೋದುದಕ್ಕೆ ಜೊತೆ ಹುಡುಕುವ ಕಷ್ಟ ತಪ್ಪುತ್ತದೆ.

ಬಟ್ಟೆ ಮೃದುಗೊಳಿಸುವ ದ್ರಾವಣಗಳು ಎಳೆಗಳ ಮೇಲೆ ಪದರ ಕಟ್ಟಿ ನೀರು ಹೀರುವ ಗುಣವನ್ನು ಕುಂದಿಸುತ್ತವೆ. ಅತಿಯಾದ ಬ್ಲೀಚಿಂಗ್ ಹತ್ತಿಯನ್ನು ದುರ್ಬಲಗೊಳಿಸುತ್ತದೆ. ಅಡಿಕೆಯ ಚೊಗರಿನ ಕಲೆಯು ಕಬ್ಬಿಣದ ಅಂಶವುಳ್ಳ ನೀರು ತಾಗಿದರೆ ಕಪ್ಪಾಗುತ್ತದೆ. ಆದ್ದರಿಂದ ಅತಿಥಿಗಳ ಬಟ್ಟೆಯನ್ನು ತೋಟದ ಬಟ್ಟೆಯೊಡನೆ ನೆನೆಸಬಾರದು. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ಹೊಗೆಯ ವಾಸನೆ ಉಳಿಯುತ್ತದೆ; ಮಳೆಗಾಲದಲ್ಲಿ ಖಾಲಿಯಿರುವ, ಗಾಳಿಯಾಡುವ ಅಡಿಕೆ ಒಣಗಿಸುವ ಮಾಡು ಅದಕ್ಕಿಂತ ಲೇಸು.

7. ತೆರಿಗೆಯ ಕೆಲವು ಅಂಶಗಳು

(ಅ) 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದರದಂತೆ, ದಿನಕ್ಕೆ ಘಟಕವೊಂದಕ್ಕೆ ರೂ. 7,500ರವರೆಗಿನ ವಸತಿ ಸೇವೆಗೆ ಶೇಕಡ 5 ಜಿ.ಎಸ್.ಟಿ.; ಹೂಡುವಳಿ ತೆರಿಗೆ ಜಮೆ ಇಲ್ಲ. ಅಂದರೆ ಟವೆಲ್ ಖರೀದಿಗೆ ಹಾಗೂ ನೋಂದಾಯಿತ ಲಾಂಡ್ರಿಗೆ ತೆತ್ತ ತೆರಿಗೆ ವೆಚ್ಚಕ್ಕೇ ಸೇರುತ್ತದೆ.

(ಆ) ಸೇವೆಗಳಿಗೆ ನೋಂದಣಿಯ ಮಿತಿ ವಾರ್ಷಿಕ ರೂ. 20 ಲಕ್ಷ. ಇದೇ ಪ್ಯಾನ್ ಸಂಖ್ಯೆಯ ಅಂಗಡಿ, ಕಾರ್ಖಾನೆಗಳ ವಹಿವಾಟೂ ಇದರಲ್ಲಿ ಸೇರುತ್ತದೆ. ಈಗಾಗಲೇ ನೋಂದಾಯಿತರಾಗಿರುವ ವರ್ತಕರಿಗೆ ಮನೆಯ ಬಾಡಿಗೆಯ ಮೇಲೂ ತೆರಿಗೆ ಅನ್ವಯಿಸುತ್ತದೆ.

(ಇ) ರಾಜಿ ತೆರಿಗೆ ಯೋಜನೆಯಲ್ಲಿರುವ ವರ್ತಕರು ಒದಗಿಸಬಹುದಾದ ಸೇವೆಗಳಿಗೆ ಮಿತಿಯುಂಟು: ಹಿಂದಿನ ವರ್ಷದ ವಹಿವಾಟಿನ ಶೇಕಡ 10 ಅಥವಾ ರೂ. 5 ಲಕ್ಷ, ಇವುಗಳಲ್ಲಿ ಹೆಚ್ಚಿನದು. ಇದನ್ನು ಮೀರಿದರೆ ಅಂಗಡಿಯ ಯೋಜನೆಗೇ ಕುತ್ತು.

(ಈ) ಆದಾಯ ತೆರಿಗೆಯಲ್ಲಿ ಅಂದಾಜು ಲಾಭದ ಕ್ರಮವನ್ನು (ಶೇಕಡ 8, ಬ್ಯಾಂಕ್ ಮೂಲಕ ಬಂದುದಕ್ಕೆ ಶೇಕಡ 6) ಆಯ್ದುಕೊಂಡವರಿಗೆ ಟವೆಲ್ಲಿನ ಖರ್ಚು ಪ್ರತ್ಯೇಕವಾಗಿ ಕಳೆಯಲು ಬರುವುದಿಲ್ಲ. ಆದರೆ ಇಲಾಖೆಗೆ ಬೇಡವಾದ ಲೆಕ್ಕ ದರ ನಿಗದಿಗೂ ಬೇಡವೆಂದು ಭಾವಿಸಬಾರದು.

8. ಸಾಮೂಹಿಕ ಲಾಂಡ್ರಿ ಸಾಧ್ಯವೇ?

ಹತ್ತು ಮನೆಗಳು ಸೇರಿ ಲಾಂಡ್ರಿಯೊಂದನ್ನು ಸ್ಥಾಪಿಸಬಾರದೇಕೆ ಎಂಬ ಪ್ರಶ್ನೆ ಬಂದಿದೆ. ಎರಡು ಕೊಠಡಿಗಳ ಬಟ್ಟೆ ಸುಮಾರು 5 ಕಿಲೋ. ಮನೆಯೊಂದಕ್ಕೆ ತಿಂಗಳಿಗೆ ಆರು ಬಾರಿಯಂತೆ ಹತ್ತು ಮನೆಗಳಿಂದ 300 ಕಿಲೋ, ದಿನಕ್ಕೆ 10 ಕಿಲೋ ಮಾತ್ರ. ಸಾಧಾರಣ ಗೃಹೋಪಯೋಗಿ ಯಂತ್ರದಲ್ಲಿ ಎರಡು ಸರದಿಗೆ ಮುಗಿಯುವ ಈ ಕೆಲಸಕ್ಕೆ ಸಾಲ ಮಾಡಿ ದೊಡ್ಡ ಯಂತ್ರ ಹಾಕುವುದು ಅವಿವೇಕ. ಆದರೆ ಕಿಲೋಗೆ ರೂ. 40ರಂತೆ ಇದು ತಿಂಗಳಿಗೆ ರೂ. 12,000 ವಹಿವಾಟು. ಯಂತ್ರ ಹಾಗೂ ಒಣಗಿಸುವ ಜಾಗವುಳ್ಳ ಒಬ್ಬರಿಗೆ ಮನೆಯಲ್ಲಿಯೇ ಮಾಡಬಹುದಾದ ಉಪವೃತ್ತಿ. ಕಲ್ಯಾಣಮಂಟಪ, ವಸತಿಗೃಹಗಳ ಬಟ್ಟೆ ಸೇರಿದ ಮೇಲೆ ವಿಸ್ತರಣೆಯ ವಿಚಾರ ಮಾಡಬಹುದು.

ಉಪಸಂಹಾರ

ನನ್ನ ಕಕ್ಷಿದಾರರು ಈಗ ದರವನ್ನು ಮೇಲಿನಂತೆ ಬದಲಿಸಿದ್ದಾರೆ. ಜಾಹೀರಾತಿನಿಂದ "ಎಲ್ಲ ಸೌಲಭ್ಯ" ಎಂಬ ಮಾತನ್ನು ತೆಗೆದು ವಿವರ ಬರೆದಿದ್ದಾರೆ. ಪ್ರತಿ ಬಾರಿ ಅತಿಥಿಗಳು ಹೋದಾಗ ರೂ. 150 ಪತ್ನಿಯ ಖಾತೆಗೆ ಜಮೆಯಾಗುತ್ತದೆ. ಇದರ ತೆರಿಗೆಯ ಪರಿಣಾಮವನ್ನು ಪ್ರತಿಯೊಬ್ಬರೂ ತಮ್ಮ ಲೆಕ್ಕಪರಿಶೋಧಕರಲ್ಲಿ ವಿಚಾರಿಸಿಕೊಳ್ಳತಕ್ಕದ್ದು. ಪುಸ್ತಕದಲ್ಲಿನ ಲಾಭ ಮೊದಲಿಗಿಂತ ಕಡಿಮೆಯಾಗಿದೆ. ಆದರೆ ಅದೀಗ ನಿಜವಾದ ಲಾಭ. ಕಳೆದ ಬಾರಿ ಲೆಕ್ಕ ಒಪ್ಪಿಸಲು ದಂಪತಿ ಬಂದಾಗ ಪುಸ್ತಕವನ್ನು ತೆರೆದು ಒಗೆತದ ಬಾಬ್ತನ್ನು ತೋರಿಸಿದವರು ಆಕೆಯೇ. ವ್ಯವಹಾರ ಚಿಕ್ಕದಾದರೂ ಅದರಲ್ಲಿ ದುಡಿದ ಪ್ರತಿಯೊಂದು ಕೈಯ ಲೆಕ್ಕ ಬರೆದಾಗಲೇ ದರ ಸರಿಯಾಗುತ್ತದೆಂಬುದನ್ನು ಸದಸ್ಯ ಬಾಂಧವರು ಗಮನಿಸಬೇಕಾಗಿ ವಿನಂತಿ.