ಕೂದಲಿನ ಗುಳಗಿ ಕದ್ದು ನುಂಗಬ್ಯಾಡ

ತಮ್ಮಾ, ಸ್ವಾರಗೇಟ ಸ್ಟ್ಯಾಂಡಿನಾಗ ಬೆಳಗಾವಿ ಬಸ್ಸಿಗೆ ಕಾಯೂವಾಗ ನಿನ್ನ ಬ್ಯಾಗಿನಾಗಿನ ಗುಳಗಿ ಪಾಕೀಟ ಕಂಡಿತು. ಗಡಬಡಿಸಿ ಮುಚ್ಚಿದಿ. ಫಿನಾಸ್ಟರೈಡ್ ಅಂತ ಓದೂವಷ್ಟು ಕಣ್ಣು ನನಗ ಇನ್ನೂ ಅದಾವ. ತಗೋಬ್ಯಾಡ ಅಂತ ಹೇಳಾಕ ಇದನ್ನ ಬರ್ಯಾಕತ್ತಿಲ್ಲ. ಕದ್ದು ತಗೊಳ್ಳೂದಕ್ಕಷ್ಟ ನನ್ನ ತಕರಾರು.

ನೆತ್ತಿ ತೆಳ್ಳಗಾಗೂದಕ್ಕ ಪುಣೆ ನೀರನ್ನೂ ಹೆಲ್ಮೆಟ್ಟನ್ನೂ ಬೈಬ್ಯಾಡ, ನಿಮ್ಮ ಅಜ್ಜನ ತಲಿ ನೆನಪ ಮಾಡ್ಕೊ. ಗಂಡಸರ ಹಾರ್ಮೋನನ್ನ ಒಂದು ಕಿಣ್ವ ಡಿಎಚ್‌ಟಿ ಮಾಡತೈತಿ. ಮನೆತನದಾಗ ಆ ಗುಣ ಇದ್ದವರ ಕೂದಲಿನ ಬುಡ ಅದರಿಂದ ವರ್ಷಾ ವರ್ಷಾ ಸಣ್ಣ ಆಗತೈತಿ. ಡೊಮಿನಿಕನ್ ರಿಪಬ್ಲಿಕ್ಕಿನ ಒಂದು ಹಳ್ಳ್ಯಾಗ ಆ ಕಿಣ್ವ ಹುಟ್ಟಿನಿಂದನ ಕಡಿಮಿ ಇದ್ದ ಮಂದಿ ಬಗ್ಗೆ 1974ರಾಗ ಸಂಶೋಧಕರು ಬರದ್ರು. ಅವರ ಪ್ರೊಸ್ಟೇಟ್ ಸಣ್ಣದು, ನೆತ್ತಿ ಬೋಳಾಗೂದಿಲ್ಲ. ಆ ಸುಳಿವಿನಿಂದ ಹುಟ್ಟಿದ್ದ ಈ ಗುಳಗಿ. ಅಮೆರಿಕಾದಾಗ 1992ಕ್ಕ ಪ್ರೊಸ್ಟೇಟಿಗೆ 5 ಮಿಲಿಗ್ರಾಂ, 1997ಕ್ಕ ಕೂದಲಿಗೆ 1 ಮಿಲಿಗ್ರಾಂ ಅಂತ ಒಪ್ಪಿಗಿ ಸಿಕ್ಕಿತು. ಮಿನಾಕ್ಸಿಡಿಲ್‌ದ್ದು ಬ್ಯಾರೆ ಕತಿ. ಬಿಪಿ ಗುಳಗಿ ನುಂಗಿದವರ ಮೈಮ್ಯಾಲ ಕೂದಲ ಬೆಳ್ಯಾಕ ಹತ್ತಿದ್ದು ನೋಡಿ ಅದನ್ನ ತಲಿಗೆ ಹಚ್ಚೂ ಔಷಧ ಮಾಡಿದ್ರು. ಹಚ್ಚಿದ ಮೊದಲ ವಾರಗಳಾಗ ಇನ್ನಷ್ಟು ಉದರತೈತಿ, ಹೆದರಿ ಬಿಡಬ್ಯಾಡ.

ಯಾವುದಾದ್ರೂ ಗುಣ ಕಾಣಾಕ ನಾಕಾರು ತಿಂಗಳ ಬೇಕು. ಬಿಟ್ಟರ ವರ್ಷದೊಳಗ ಗಳಿಸಿದ್ದೆಲ್ಲಾ ಹೋಗತೈತಿ. ಲಗ್ನ ಆಗೂತನಕ ಅಷ್ಟ ಅಂತ ಸುರು ಮಾಡೂ ಹುಡುಗರು ಇಲ್ಲೇ ತಪ್ಪತಾರ. ಲಗ್ನದ ಮೊದಲ ವರ್ಧಂತಿಗೆ ನೆತ್ತಿ ತನ್ನ ದಾರಿ ಹಿಡದಿರತೈತಿ! (ರಾಜ್ ಬಿ. ಶೆಟ್ಟಿಯವರ 'ಒಂದು ಮೊಟ್ಟೆಯ ಕಥೆ' ನೋಡಿಲ್ಲಂದ್ರ ನೋಡು. ಬೋಳು ತಲಿಯ ಕನ್ನಡ ಮೇಷ್ಟ್ರು ಕನ್ಯಾ ಹುಡುಕೂ ಕತಿ.)

ಈಗ ಕದ್ದು ತಗೊಳ್ಳೂ ಮಾತು. ಮುಂದ ಯಾವಾಗರ ಪ್ರೊಸ್ಟೇಟಿನ ಪಿಎಸ್‌ಎ ರಕ್ತ ತಪಾಸಣಿ ಮಾಡಿಸಿದ್ರ, ಈ ಗುಳಗಿ ಆ ಅಂಕಿಯನ್ನ ಅರ್ಧಕ್ಕ ಇಳಿಸಿರತೈತಿ. ಡಾಕ್ಟರಿಗೆ ಹೇಳದಿದ್ರ ಕ್ಯಾನ್ಸರಿನ ಸುಳಿವು ತಪ್ಪಿ ಹೋಗಬಹುದು. ನಿಮ್ಮ ಕಂಪನಿ ಶಿಬಿರದಾಗ ರಕ್ತ ಕೊಡಬೇಕಂದ್ರ ಗುಳಗಿ ಬಿಟ್ಟು ಒಂದು ತಿಂಗಳ ಆಗಿರಬೇಕು, ಇದ ಜಾತಿಯ ಇನ್ನೊಂದು ಗುಳಗಿ ಡುಟಾಸ್ಟರೈಡ್ ಇದ್ರ ಆರು ತಿಂಗಳ. ಆ ರಕ್ತ ಬಸರಿ ಹೆಣ್ಣಮಗಳಿಗೆ ಹೋದ್ರ ಹೊಟ್ಟ್ಯಾಗಿನ ಗಂಡು ಕೂಸಿನ ಬೆಳವಣಿಗಿಗೆ ಧಕ್ಕಿ. ಅಗ್ಗ ಅಂತ 5 ಮಿಲಿಗ್ರಾಂ ಗುಳಗಿ ತಂದು ನಾಕ ತುಂಡು ಮಾಡತಾರಲ್ಲ, ಆ ಪುಡಿಯನ್ನೂ ಬಸರಿ ಮುಟ್ಟಬಾರದು. ಹಂಗಾಗಿ ನಾಳೆ ಬರೂ ಹೆಂಡತಿಗೆ ಇದು ಗೊತ್ತಿರಬೇಕು.

ಕೆಲವರಿಗೆ ಆಸೆ ಕುಂದತೈತಿ, ನಿಮಿರುವಿಕಿ ಕಡಿಮಿ ಆಗತೈತಿ. ಹೆಚ್ಚಿನ ಮಂದಿಗೆ ಏನೂ ಆಗೂದಿಲ್ಲ. ನನಗ ಅದಕ್ಕಿಂತ ಮನಸ್ಸಿನ ಚಿಂತಿ. ಸಾಯೂ ವಿಚಾರ ಬರೂದೂ ಈ ಗುಳಗಿಯ ಅಡ್ಡಪರಿಣಾಮ ಅಂತ ಯುರೋಪಿನ ಔಷಧ ಸಂಸ್ಥೆ 2025ರಾಗ ಖಚಿತ ಮಾಡೇತಿ. ಒಬ್ಬನ ಖೋಲ್ಯಾಗ ಇರಾಂವ ನೀ. ಮನಸ್ಸು ಮಂಕಾದ್ರ ಗುಳಗಿ ನಿಲ್ಲಿಸಿ ಅವತ್ತ ಡಾಕ್ಟರಿಗೂ ನನಗೂ ಫೋನ್ ಮಾಡು, ರಾತ್ರಿ ಎಷ್ಟಾದ್ರೂ ಆಗಿರಲಿ.

ಗೆಳೆಯಾ ಹೇಳಿದ ಅಂತ ತರಬ್ಯಾಡ, ಇದು ಡಾಕ್ಟರ ಚೀಟಿ ಮ್ಯಾಲ ಕೊಡೂ ಔಷಧ. ಸ್ವಾರಗೇಟದಾಗ ಮೆಟ್ರೋ ಹತ್ತಿ, ಸಿವಿಲ್ ಕೋರ್ಟಿನಾಗ ಬದಲಿಸಿ ಪುಣೆ ಸ್ಟೇಷನ್ನಿಗೆ ಇಳಿ. ಸಸೂನ ಆಸ್ಪತ್ರಿ ಅಲ್ಲೇ ಹತ್ರ. ಕೇಸ್‌ಪೇಪರ್ ಮಾಡಿಸಿ ಚರ್ಮದ ಡಾಕ್ಟರಿಗೆ ತೋರಸು. ಹೋಗೂಕಿಂತ ಮೊದಲ ನೆತ್ತಿದೊಂದು ಫೋಟೋ ತಗಿ. ಆರು ತಿಂಗಳ ಆದಮ್ಯಾಲ ಅದ ಜಾಗಾದಾಗ, ಅದ ಬೆಳಕಿನಾಗ ಇನ್ನೊಂದು ತಗದು, ಎರಡನ್ನೂ ಅವರ ಮುಂದ ಇಟ್ಟು ಮುಂದ ತಗೋಬೇಕೋ ಬಿಡಬೇಕೋ ಕೇಳು.