ತೆರೆಯ ಮೇಲೆ ನಾಲ್ಕು ಮುಖ, ಪಟ್ಟಿಯಲ್ಲಿ ನೂರು ಹೆಸರು: ಏಕೆ?

ಪ್ರಶ್ನೆ: ನಮ್ಮೂರಿನಲ್ಲಿ ‘ಕುರುಕ್ಷೇತ್ರ’ ನಾಟಕ ಆಡುವಾಗ ಹಾರ್ಮೋನಿಯಂ ಮೇಷ್ಟ್ರು, ತಬಲದವರು, ಡ್ರಾಮಾ ಸೀನರಿಯವರು ಇದ್ದರೆ ಸಾಕು, ಬೆಳಗಿನವರೆಗೆ ಆಟ ನಡೆದುಹೋಗುತ್ತದೆ. ಸಿನಿಮಾದಲ್ಲಿ ಹೊಡೆದಾಟ, ಕುಣಿತ ಏನೂ ಇಲ್ಲದ ಬರೀ ಮನೆಮಂದಿಯ ಕಥೆಗೂ ನೂರಾರು ಹೆಸರು ಹಾಕುತ್ತಾರೆ. ಇವರೆಲ್ಲ ಏನು ಕೆಲಸ ಮಾಡುತ್ತಾರೆ? ನಿರ್ದೇಶಕರು, ಕ್ಯಾಮೆರಾದವರು ಇಬ್ಬರಿದ್ದರೆ ಸಾಲದೆ?
– ಓದುಗರೊಬ್ಬರು, ಪಟ್ಟನಾಯಕನಹಳ್ಳಿ, ಶಿರಾ ತಾಲ್ಲೂಕು

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ನಾಟಕವನ್ನು ಹತ್ತಿರದಿಂದ ಬಲ್ಲವರಿಗೆ ಮಾತ್ರ ಇಂಥ ಸಂದೇಹ ಬರಲು ಸಾಧ್ಯ. ನೀವು ಕೊಟ್ಟ ಹೋಲಿಕೆಯಲ್ಲೇ ಉತ್ತರದ ಅರ್ಧ ಭಾಗ ಇದೆ. ಅಲ್ಲಿಂದಲೇ ಶುರು ಮಾಡೋಣ.

ನಿಮ್ಮೂರ ನಾಟಕದಲ್ಲಿ ಮೊದಲ ದೃಶ್ಯ ಮೊದಲು ಬರುತ್ತದೆ, ಕೊನೆಯ ದೃಶ್ಯ ಕೊನೆಗೆ. ಕೃಷ್ಣನ ಪಾತ್ರಧಾರಿ ರಾತ್ರಿ ಬಣ್ಣ ಹಚ್ಚಿದರೆ ಬೆಳಿಗ್ಗೆ ಒರೆಸುವವರೆಗೆ ಅವರು ಕೃಷ್ಣನೇ. ಹಿಂದಿನ ದೃಶ್ಯದಲ್ಲಿ ಎಷ್ಟು ಕೋಪ ಬಂದಿತ್ತು, ಕಿರೀಟ ಹೇಗಿತ್ತು, ಯಾರು ಯಾವ ಕಡೆ ನಿಂತಿದ್ದರು ಎಲ್ಲವೂ ಅವರ ನೆನಪಿನಲ್ಲಿ, ಮೈಯಲ್ಲಿ ಇರುತ್ತದೆ. ಕಥೆಯ ಎಳೆ ಕಾಯುವವರು ಪಾತ್ರಧಾರಿಗಳೇ. ಎಲ್ಲಾದರೂ ತಪ್ಪಿದರೆ ಹಾರ್ಮೋನಿಯಂ ಮೇಷ್ಟ್ರು ಒಂದು ಸ್ವರ ಹಿಡಿದು ದಾರಿಗೆ ತರುತ್ತಾರೆ.

ಸಿನಿಮಾದಲ್ಲಿ ಈ ಎಳೆಯೇ ಇರುವುದಿಲ್ಲ. ಕಥೆಯನ್ನು ನೂರಾರು ಚೂರು ಮಾಡಿ, ಹಿಂದುಮುಂದಾಗಿ ಚಿತ್ರೀಕರಿಸುತ್ತಾರೆ. ನಂತರ ಒಡೆದದ್ದೇ ಗೊತ್ತಾಗದಂತೆ ಜೋಡಿಸಬೇಕು. ನೀವು ನೋಡುವ ಹೆಸರುಗಳಲ್ಲಿ ಬಹುಪಾಲು ಈ ಜೋಡಣೆಯ ಹೊಣೆ ಹೊತ್ತವರದ್ದು. ಪಾತ್ರಗಳ ಸಂಖ್ಯೆಗೂ ಇವರ ಸಂಖ್ಯೆಗೂ ನೇರ ಸಂಬಂಧ ಇಲ್ಲ. ನಿಮ್ಮ ತಾಲ್ಲೂಕಿನ ಬರಗೂರಿನವರೇ ಆದ ಬರಗೂರು ರಾಮಚಂದ್ರಪ್ಪನವರು ನಿರ್ದೇಶಿಸಿದ ‘ಶಾಂತಿ’ ಚಿತ್ರದಲ್ಲಿ ತೆರೆಯ ಮೇಲೆ ಕಾಣುವ ಕಲಾವಿದೆ ಒಬ್ಬರೇ, ಭಾವನಾ. ಆದರೂ ಅವರ ಮೇಲೆ ಬೆಳಕು ಬಿಡುವವರು, ಮಾತು ಬರೆಯುವವರು, ಚಿತ್ರಿಸುವವರು, ಜೋಡಿಸುವವರು ಬೇಕೇ ಬೇಕಾಯಿತು.

ಈಗ ಕೆಲಸಗಳನ್ನು ಕ್ರಮವಾಗಿ ನೋಡೋಣ. ಮೂರು ಹಂತ ಮಾಡಿಕೊಂಡರೆ ಸುಲಭ: ಚಿತ್ರೀಕರಣಕ್ಕೆ ಮುಂಚೆ, ಚಿತ್ರೀಕರಣದ ಸ್ಥಳದಲ್ಲಿ, ಚಿತ್ರೀಕರಣದ ನಂತರ.

ಮೊದಲ ಹಂತ ಶುರುವಾಗುವುದು ಬರವಣಿಗೆಯಿಂದ. ಇಲ್ಲಿ ಅನೇಕರಿಗೆ ಆಗುವ ಒಂದು ಗೊಂದಲವನ್ನು ಬಗೆಹರಿಸಿಬಿಡುತ್ತೇನೆ. ಹೆಸರುಗಳ ಪಟ್ಟಿಯಲ್ಲಿ ‘ಕಥೆ’, ‘ಚಿತ್ರಕಥೆ’, ‘ಸಂಭಾಷಣೆ’ ಎಂದು ಬೇರೆಬೇರೆಯಾಗಿ ಬರುತ್ತದೆ. ಒಂದೇ ಕೆಲಸಕ್ಕೆ ಮೂರು ಹೆಸರು ಎಂದು ಭಾವಿಸುವುದು ಸಹಜ, ಆದರೆ ಅವು ಮೂರು ಕೆಲಸಗಳು. ಏನಾಯಿತು ಎಂಬುದು ಕಥೆ. ಅದನ್ನು ಯಾವ ಕ್ರಮದಲ್ಲಿ, ಯಾವ ಜಾಗದಲ್ಲಿ, ಏನನ್ನು ತೋರಿಸಿ ಏನನ್ನು ಬಿಟ್ಟು ಹೇಳಬೇಕು ಎಂಬುದು ಚಿತ್ರಕಥೆ. ಪಾತ್ರಗಳು ಆಡುವ ಮಾತು ಸಂಭಾಷಣೆ. ತಾಯಿ ಮಗನಿಗಾಗಿ ಹತ್ತು ವರ್ಷ ಕಾದಳು ಎಂದು ಕಥೆ ಒಂದೇ ಸಾಲಿನಲ್ಲಿ ಹೇಳಿಬಿಡಬಹುದು. ಆ ಹತ್ತು ವರ್ಷವನ್ನು ಕ್ಯಾಮೆರಾ ಮುಂದೆ ಹೇಗೆ ತೋರಿಸುವುದು ಎಂದು ಯೋಚಿಸಬೇಕಾದವರು ಚಿತ್ರಕಥೆಗಾರರು.

1970ರ ‘ಸಂಸ್ಕಾರ’ ಇದಕ್ಕೆ ಒಳ್ಳೆಯ ಉದಾಹರಣೆ. ಕಾದಂಬರಿ ಯು.ಆರ್. ಅನಂತಮೂರ್ತಿಯವರದು. ಅದನ್ನು ಚಿತ್ರಕಥೆ ಮಾಡಿದವರು ಗಿರೀಶ ಕಾರ್ನಾಡರು, ಅದರ ಮುಖ್ಯ ಪಾತ್ರ ಪ್ರಾಣೇಶಾಚಾರ್ಯರಾಗಿ ನಟಿಸಿದವರೂ ಅವರೇ. ನಿರ್ದೇಶನ ಪಟ್ಟಾಭಿರಾಮ ರೆಡ್ಡಿಯವರದು. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್, ಕಲಾ ನಿರ್ದೇಶನ ಚಿತ್ರಕಲಾವಿದ ಎಸ್.ಜಿ. ವಾಸುದೇವ್, ಸಂಗೀತ ಸರೋದ್ ವಾದಕ ರಾಜೀವ ತಾರಾನಾಥ್. ಶೃಂಗೇರಿ ಬಳಿಯ ವೈಕುಂಠಪುರದಲ್ಲಿ ಚಿತ್ರೀಕರಣವಾದ ಈ ಚಿತ್ರ ಆ ವರ್ಷ ರಾಷ್ಟ್ರಮಟ್ಟದ ಅತ್ಯುತ್ತಮ ಚಿತ್ರ ಪ್ರಶಸ್ತಿ ಪಡೆಯಿತು. ಒಂದು ಅಗ್ರಹಾರದ ಕಥೆಯನ್ನು ತೆರೆಗೆ ತರಲು ಎಷ್ಟು ಬೇರೆಬೇರೆ ವಿದ್ಯೆಯವರು ಸೇರಬೇಕಾಯಿತು ನೋಡಿ.

ಬರವಣಿಗೆ ಮುಗಿದ ಮೇಲೆ ನಿರ್ಮಾಪಕರು ಹಣ ಹೊಂದಿಸುತ್ತಾರೆ. ಪ್ರೊಡಕ್ಷನ್ ಮ್ಯಾನೇಜರ್ ಊಟ, ವಸತಿ, ವಾಹನ, ಅನುಮತಿಗಳನ್ನು ನೋಡಿಕೊಳ್ಳುತ್ತಾರೆ. ಸಹ ನಿರ್ದೇಶಕರು ಕಲಾವಿದರ ಕಾಲ್‌ಶೀಟ್ (ಅವರು ಚಿತ್ರೀಕರಣಕ್ಕೆ ಕೊಟ್ಟ ದಿನಗಳು) ನೋಡಿಕೊಂಡು, ಯಾವ ದಿನ ಎಲ್ಲಿ ಯಾವ ದೃಶ್ಯ ಎಂದು ಪಟ್ಟಿ ಹಾಕುತ್ತಾರೆ. ಕಥೆ ಹಿಂದುಮುಂದಾಗುವುದು ಇಲ್ಲಿಯೇ. ಒಂದು ಮನೆಯನ್ನು ಐದು ದಿನಕ್ಕೆ ಪಡೆದರೆ ಆ ಮನೆಯಲ್ಲಿ ನಡೆಯುವ ಎಲ್ಲ ದೃಶ್ಯಗಳನ್ನೂ ಆ ಐದು ದಿನದಲ್ಲೇ ಮುಗಿಸಬೇಕು. ಕಥೆಯಲ್ಲಿ ಅವುಗಳ ನಡುವೆ ಹತ್ತು ವರ್ಷ ಕಳೆದಿರಬಹುದು.

ಎರಡನೆಯ ಹಂತ ಚಿತ್ರೀಕರಣ. ಇದನ್ನು ಒಂದು ಚಿಕ್ಕ ದೃಶ್ಯ ಇಟ್ಟುಕೊಂಡೇ ನೋಡೋಣ. ನಿಮ್ಮ ಕಡೆಯ ಒಂದು ಮನೆ ಎಂದುಕೊಳ್ಳಿ. ಸಂಜೆ ಹೊತ್ತು ತಾಯಿ ಜಗುಲಿಯ ಮೇಲೆ ಕೂತು, ಮೊರ ಮುಂದಿಟ್ಟುಕೊಂಡು ಕಡಲೆಕಾಯಿ ಬಿಡಿಸುತ್ತಿದ್ದಾಳೆ. ಬೆಂಗಳೂರಿಗೆ ಹೋಗಿದ್ದ ಮಗ ಬಹಳ ವರ್ಷದ ಮೇಲೆ ಬಾಗಿಲಿಗೆ ಬಂದು ನಿಲ್ಲುತ್ತಾನೆ. ತಾಯಿ ತಲೆ ಎತ್ತಿ ನೋಡುತ್ತಾಳೆ, ಮಾತಾಡುವುದಿಲ್ಲ. ಇಷ್ಟೇ. ತೆರೆಯ ಮೇಲೆ ಅರ್ಧ ನಿಮಿಷ.

ಈ ಅರ್ಧ ನಿಮಿಷಕ್ಕೆ ಕನಿಷ್ಠ ನಾಲ್ಕು ಶಾಟ್ (ಕ್ಯಾಮೆರಾ ಒಂದು ಸಲ ಓಡಿ ನಿಲ್ಲುವವರೆಗಿನ ಚೂರು) ಬೇಕು. ದೂರದಿಂದ ಇಡೀ ಜಗುಲಿ, ಕಾಯಿ ಬಿಡಿಸುವ ಕೈ, ಮಗನ ಮುಖ, ತಾಯಿಯ ಮುಖ. ಪ್ರತಿ ಶಾಟ್‌ಗೂ ಕ್ಯಾಮೆರಾದ ಜಾಗ ಬದಲಾಗುತ್ತದೆ, ಲೈಟುಗಳ ಜಾಗವೂ ಬದಲಾಗುತ್ತದೆ. ಹೀಗೆ ಮಾಡುವಷ್ಟರಲ್ಲಿ ಮೂರು ಗಂಟೆ ಕಳೆಯುತ್ತದೆ. ಆದರೆ ಪ್ರೇಕ್ಷಕರಿಗೆ ಅದು ಒಂದೇ ಗಳಿಗೆ ಎನಿಸಬೇಕು.

ಈಗ ಆ ಮೊರವನ್ನು ನೋಡಿ. ಮೊದಲ ಶಾಟ್‌ನಲ್ಲಿ ಸಿಪ್ಪೆಯ ರಾಶಿ ಒಂದು ಹಿಡಿಯಷ್ಟಿತ್ತು. ತಾಯಿಯ ಪಾತ್ರಧಾರಿ ಪ್ರತಿ ಟೇಕ್‌ನಲ್ಲೂ, ಅಂದರೆ ಅದೇ ಶಾಟ್ ಅನ್ನು ತೆಗೆಯುವ ಪ್ರತಿ ಸಲವೂ, ನಿಜವಾಗಿ ಕಾಯಿ ಬಿಡಿಸುತ್ತಾರೆ, ಆದ್ದರಿಂದ ಮೂರನೆಯ ಶಾಟ್ ಹೊತ್ತಿಗೆ ರಾಶಿ ನಾಲ್ಕು ಹಿಡಿಯಷ್ಟಾಗಿರುತ್ತದೆ. ಹಾಗೆಯೇ ಬಿಟ್ಟರೆ ತೆರೆಯ ಮೇಲೆ ಸಿಪ್ಪೆ ರಾಶಿ ಕಣ್ಣು ಮಿಟುಕಿಸುವಷ್ಟರಲ್ಲಿ ಬೆಳೆದುಬಿಡುತ್ತದೆ. ಆದ್ದರಿಂದ ಒಬ್ಬ ಸಹಾಯಕ ನಿರ್ದೇಶಕರು ಪ್ರತಿ ಶಾಟ್ ಮುಗಿದಾಗ ಫೋಟೊ ತೆಗೆದು, ಬರೆದಿಟ್ಟುಕೊಂಡು, ಮುಂದಿನ ಶಾಟ್‌ಗೆ ಮುಂಚೆ ರಾಶಿಯನ್ನು ಸರಿಮಾಡುತ್ತಾರೆ. ಸೆರಗು ಯಾವ ಹೆಗಲ ಮೇಲಿತ್ತು, ಮಗನ ಚೀಲ ಯಾವ ಕೈಯಲ್ಲಿತ್ತು ಎಂಬುದೂ ಅವರ ಪುಸ್ತಕದಲ್ಲಿರುತ್ತದೆ. ಇದಕ್ಕೆ ಸಿನಿಮಾದವರು ‘ಕಂಟಿನ್ಯುಟಿ’ ಎನ್ನುತ್ತಾರೆ. ಪ್ರೇಕ್ಷಕರ ಗಮನಕ್ಕೆ ಏನೂ ಬಾರದಿದ್ದರೆ ಕೆಲಸ ಸರಿಯಾಗಿ ಆಗಿದೆ ಎಂದರ್ಥ.

ಆ ಮೊರವನ್ನೂ ಬಾಗಿಲ ಪಕ್ಕದ ಹಳೆಯ ಕ್ಯಾಲೆಂಡರನ್ನೂ ತಂದಿಟ್ಟವರು ಕಲಾ ವಿಭಾಗದವರು. ಕ್ಯಾಲೆಂಡರಿನ ವರ್ಷ ಕಥೆಯ ವರ್ಷಕ್ಕೆ ಹೊಂದಬೇಕು. ಬೆಳಿಗ್ಗೆ ಮಗ ಊರು ಬಿಟ್ಟು ಹೋಗುವ ದೃಶ್ಯ ಚಿತ್ರಿಸಿ, ಮಧ್ಯಾಹ್ನ ಅವನು ಹಿಂತಿರುಗುವ ದೃಶ್ಯ ಚಿತ್ರಿಸಿದರೆ, ಆ ನಡುವೆ ತಾಯಿಯ ಕೂದಲು ನರೆಯಬೇಕು. ಅದು ಪ್ರಸಾಧನದವರ ಕೆಲಸ. ಅದೇ ಸೀರೆಯ ಬಣ್ಣ ಮಾಸಬೇಕು. ಅದು ವಸ್ತ್ರಾಲಂಕಾರದವರ ಕೆಲಸ.

ಇನ್ನು ಬೆಳಕು. ಮೂರು ಗಂಟೆಯಲ್ಲಿ ಸೂರ್ಯ ಎಲ್ಲಿಂದೆಲ್ಲಿಗೋ ಹೋಗಿರುತ್ತಾನೆ, ಕಥೆಯಲ್ಲಿ ಮಾತ್ರ ಅದೇ ಸಂಜೆ. ಅದನ್ನು ಸರಿದೂಗಿಸುವವರು ಛಾಯಾಗ್ರಾಹಕರು, ಅವರ ಸಹಾಯಕರು ಮತ್ತು ಲೈಟ್ ಬಾಯ್‌ಗಳು. ರಿಫ್ಲೆಕ್ಟರ್, ಥರ್ಮಾಕೋಲ್ ಹಲಗೆ, ಬಿಳಿ ಬಟ್ಟೆ, ದೊಡ್ಡ ದೀಪಗಳು ಅವರ ಸಾಮಾನು. ಛಾಯಾಗ್ರಾಹಕರೆಂದರೆ ಗುಂಡಿ ಒತ್ತುವವರಲ್ಲ ಎಂಬುದಕ್ಕೆ ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರ ಕೆಲಸ ನೋಡಬೇಕು. ಗುರುದತ್ತರ ‘ಕಾಗಜ್ ಕೇ ಫೂಲ್’ (1959) ಚಿತ್ರದಲ್ಲಿ ಕತ್ತಲೆಯ ಸ್ಟುಡಿಯೊ ಒಳಗೆ ಬೆಳಕಿನ ಒಂದು ಕೋಲು ಇಳಿಯುತ್ತದೆ. ಅದಕ್ಕಾಗಿ ಮೂರ್ತಿಯವರು ದೊಡ್ಡ ಕನ್ನಡಿಗಳಲ್ಲಿ ಹೊರಗಿನ ಬಿಸಿಲನ್ನೇ ಹಿಡಿದು, ಒಂದರಿಂದ ಇನ್ನೊಂದಕ್ಕೆ ಹಾಯಿಸಿ ಒಳಗೆ ತಂದರು. ಕನ್ನಡಿ ಹಿಡಿದು ಗೋಡೆಯ ಮೇಲೆ ಬಿಸಿಲು ಆಡಿಸುವ ಆಟ ನಾವೆಲ್ಲ ಚಿಕ್ಕಂದಿನಲ್ಲಿ ಆಡಿದ್ದೇವೆ. ಅದೇ ತತ್ವ. ಮೂರ್ತಿಯವರಿಗೆ ಮುಂದೆ 2008ನೆಯ ಸಾಲಿನ ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕರು ಅವರು.

ಶಾಟ್ ಶುರುವಾಗುವ ಮುಂಚೆ ಒಬ್ಬರು ಕಪ್ಪು ಹಲಗೆ ಹಿಡಿದು ಟಪ್ ಎಂದು ಬಡಿಯುವುದನ್ನು ನೀವು ಫೋಟೊಗಳಲ್ಲಿ ನೋಡಿರಬಹುದು. ಅದು ಶಾಸ್ತ್ರಕ್ಕೆ ಮಾಡುವುದಲ್ಲ. ದೃಶ್ಯ ಮತ್ತು ಶಬ್ದ ಬೇರೆಬೇರೆ ಯಂತ್ರಗಳಲ್ಲಿ ದಾಖಲಾಗುತ್ತವೆ. ಹಲಗೆ ಮುಚ್ಚುವ ಚಿತ್ರ ಒಂದರಲ್ಲಿ, ಬಡಿದ ಸದ್ದು ಇನ್ನೊಂದರಲ್ಲಿ ಸಿಗುತ್ತದೆ. ಎರಡನ್ನೂ ಒಂದೇ ಗಳಿಗೆಗೆ ಕೂರಿಸಿದರೆ ತುಟಿಗೂ ಮಾತಿಗೂ ತಾಳೆಯಾಗುತ್ತದೆ. ಹಲಗೆಯ ಮೇಲಿನ ದೃಶ್ಯ, ಶಾಟ್, ಟೇಕ್ ಸಂಖ್ಯೆಗಳು ಆ ಚೂರು ಯಾವುದೆಂದು ಮುಂದೆ ಹುಡುಕಲು ಗುರುತು. ಹಿಂದೆ ಫಿಲ್ಮ್ ರೀಲ್ ಇದ್ದಾಗ 1000 ಅಡಿಯ ರೀಲು ಸುಮಾರು 11 ನಿಮಿಷಕ್ಕೆ ಮುಗಿದುಹೋಗುತ್ತಿತ್ತು. ಒಂದೊಂದು ಟೇಕ್ ತಪ್ಪಿದರೂ ನಿರ್ಮಾಪಕರ ಹಣ ಹೋಗುತ್ತಿತ್ತು. ಈಗ ಡಿಜಿಟಲ್ ಬಂದು ಆ ಖರ್ಚು ಇಳಿದಿದೆ, ಆದರೆ ಸಿಪ್ಪೆ ರಾಶಿ ಲೆಕ್ಕ ಇಡುವ ಕೆಲಸ ಹಾಗೆಯೇ ಇದೆ.

ಮೂರನೆಯ ಹಂತ ಜೋಡಣೆ. ಸಂಕಲನಕಾರರು ಚೂರುಗಳನ್ನೆಲ್ಲ ಮುಂದೆ ಹಾಕಿಕೊಂಡು ಕೂರುತ್ತಾರೆ. ಸಂಕಲನ ಎಂದರೆ ಬೇಡವಾದದ್ದನ್ನು ಕತ್ತರಿಸುವುದಷ್ಟೇ ಅಲ್ಲ. ತಾಯಿಯ ಮುಖವನ್ನು ಎರಡು ಸೆಕೆಂಡ್ ತೋರಿಸಿದರೆ ಅವಳಿಗೆ ಆಶ್ಚರ್ಯವಾಗಿದೆ ಎನಿಸುತ್ತದೆ. ಅದೇ ಮುಖವನ್ನು ಆರು ಸೆಕೆಂಡ್ ಹಿಡಿದರೆ ಅವಳು ನೊಂದಿದ್ದಾಳೆ ಎನಿಸಬಹುದು. ನಟನೆ ಅದೇ, ಅರ್ಥ ಬೇರೆ.

ಆಮೇಲೆ ಶಬ್ದ. ಸ್ಥಳದಲ್ಲಿ ಜನರೇಟರ್ ಸದ್ದು, ಪಕ್ಕದ ರಸ್ತೆಯ ಬಸ್ಸಿನ ಸದ್ದು ಸೇರಿಕೊಂಡಿರುತ್ತದೆ. ಅದಕ್ಕಾಗಿ ಅನೇಕ ಚಿತ್ರಗಳಲ್ಲಿ ಕಲಾವಿದರು ಸ್ಟುಡಿಯೊದಲ್ಲಿ ತೆರೆಯನ್ನು ನೋಡುತ್ತಾ ಮಾತನ್ನು ಮತ್ತೆ ಹೇಳುತ್ತಾರೆ. ಇದು ಡಬ್ಬಿಂಗ್. ಹೆಜ್ಜೆ ಸದ್ದು, ಬಳೆ ಸದ್ದು, ಕಡಲೆಕಾಯಿ ಒಡೆಯುವ ಸದ್ದು ಕೂಡ ಹಾಗೆಯೇ ಸ್ಟುಡಿಯೊದಲ್ಲಿ ಮಾಡಿ ಸೇರಿಸಿದ್ದಿರಬಹುದು. ಈ ಸದ್ದುಗಳನ್ನು ಮಾಡುವವರ ಹೆಸರೇ ಪಟ್ಟಿಯಲ್ಲಿ ‘ಎಫೆಕ್ಟ್ಸ್’ ಎಂದು ಬರುವುದು. ಕೊನೆಗೆ ಹಿನ್ನೆಲೆ ಸಂಗೀತ. 1977ರಲ್ಲಿ ಬಂದ ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ ‘ಘಟಶ್ರಾದ್ಧ’ಕ್ಕೆ ಸಂಗೀತ ಕೊಟ್ಟವರು ರಂಗಭೂಮಿಯ ಬಿ.ವಿ. ಕಾರಂತರು. ಛಾಯಾಗ್ರಹಣ ಎಸ್. ರಾಮಚಂದ್ರ ಅವರದು. ಎರಡು ವರ್ಷ ಮುಂಚೆ ಕಾರಂತರೇ ‘ಚೋಮನ ದುಡಿ’ ನಿರ್ದೇಶಿಸಿದಾಗಲೂ ಕ್ಯಾಮೆರಾ ಹಿಂದೆ ಇದ್ದವರು ಇದೇ ರಾಮಚಂದ್ರ. ಎರಡೂ ಚಿತ್ರಗಳು ಆಯಾ ವರ್ಷ ರಾಷ್ಟ್ರದ ಅತ್ಯುತ್ತಮ ಚಿತ್ರಗಳಾದವು. ಪಟ್ಟಿಯನ್ನು ಗಮನವಿಟ್ಟು ಓದುತ್ತಾ ಹೋದರೆ ಇಂಥ ನಂಟುಗಳು ಸಿಗುತ್ತವೆ.

ಈಗ ನಿಮ್ಮ ಪ್ರಶ್ನೆಯ ಕೊನೆಯ ಭಾಗ. ಹೊಡೆದಾಟ, ಕುಣಿತ ಇಲ್ಲದ ಮನೆಮಂದಿಯ ಕಥೆಗೂ ಇಷ್ಟು ಜನ ಬೇಕೆ? ಬೇಕು. ಹೊಡೆದಾಟದ ಗದ್ದಲದಲ್ಲಿ ಒಂದು ತಪ್ಪು ಮುಚ್ಚಿಹೋಗಬಹುದು. ತಾಯಿ ಸುಮ್ಮನೆ ತಲೆ ಎತ್ತಿ ನೋಡುವ ದೃಶ್ಯದಲ್ಲಿ ಪ್ರೇಕ್ಷಕರ ಕಣ್ಣಿಗೆ ಬೇರೆ ಕೆಲಸ ಇರುವುದಿಲ್ಲ. ಮೊರದ ಸಿಪ್ಪೆ ಹೆಚ್ಚಾದರೂ ಅವರಿಗೆ ಗೊತ್ತಾಗುತ್ತದೆ, ಗೊತ್ತಾದ ಕೂಡಲೇ ತಾಯಿಯ ಮೇಲಿನ ನಂಬಿಕೆ ಸಡಿಲವಾಗುತ್ತದೆ.

ನಾಟಕಕ್ಕೆ ಕಡಿಮೆ ಜನ ಸಾಕು ಎಂಬುದೂ ಪೂರ್ತಿ ನಿಜವಲ್ಲ. ನಿಮ್ಮ ಜಿಲ್ಲೆಯವರೇ ಆದ ಗುಬ್ಬಿ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಅವನ್ನು ನಡೆಸಿಕೊಂಡು ಬಂದವರು, ರಥ ಕಟ್ಟಿದವರು, ಪರದೆ ಬರೆದವರು ಯಾರೂ ಪ್ರೇಕ್ಷಕರಿಗೆ ಕಾಣಲಿಲ್ಲ. ನಿಮ್ಮೂರ ನಾಟಕದಲ್ಲೂ ಮೈಕ್ ಸೆಟ್ಟಿನವರು, ಬಣ್ಣ ಹಚ್ಚುವವರು, ಪರದೆ ಎಳೆಯುವ ಹುಡುಗರು ಇದ್ದೇ ಇರುತ್ತಾರೆ. ನೀವು ಅವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಅಷ್ಟೆ.

ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಚಿತ್ರದ ಒಂದು ದೃಶ್ಯವನ್ನು ಟಿವಿಯ ಸದ್ದು ಪೂರ್ತಿ ನಿಲ್ಲಿಸಿ ನೋಡಿ. ಎಷ್ಟು ಸಲ ಶಾಟ್ ಬದಲಾಯಿತು ಎಂದು ಬೆರಳು ಮಡಿಸಿ ಎಣಿಸಿ. ಆಮೇಲೆ ಅದೇ ದೃಶ್ಯವನ್ನು ಕಣ್ಣು ಮುಚ್ಚಿ ಕೇಳಿ, ಮಾತಲ್ಲದೆ ಇನ್ನೇನೇನು ಕೇಳಿಸುತ್ತದೆ ಎಂದು ಬರೆದುಕೊಳ್ಳಿ. ಕೊನೆಗೆ ಹೆಸರುಗಳ ಪಟ್ಟಿ ಓದಿ. ಪ್ರತಿ ಹೆಸರಿನ ಮುಂದೆ ಅವರು ಮಾಡಿದ ಕೆಲಸ ನಿಮಗೇ ಕಾಣಿಸುತ್ತದೆ. ಯಾವುದಾದರೂ ಹೆಸರಿನ ಕೆಲಸ ಏನೆಂದು ತಿಳಿಯದೆ ಉಳಿದರೆ ಮತ್ತೆ ಬರೆಯಿರಿ, ಸಂತೋಷದಿಂದ ಉತ್ತರಿಸುತ್ತೇವೆ.